ಮಣ್ಣಿನ ಪೆನೆಟ್ರೋಮೀಟರ್: ಹಲವು ವರ್ಷ ಜೇಡಿಮಣ್ಣಿಗೆ ಚುಚ್ಚಿದ ಮೇಲೆ

ಐದಕ್ಕೆ ನಾಲ್ಕು ನಕ್ಷತ್ರ. ಕೊಳ್ಳಬಹುದು, ಆದರೆ ಸಲಿಕೆಯನ್ನು ಅಟ್ಟಕ್ಕೆ ಹಾಕಬೇಡಿ. ಎರಡೂ ಜೊತೆಗಿದ್ದರೆ ಮಾತ್ರ ಇದು ಕೆಲಸದ ಉಪಕರಣ.

ನೋಡದವರಿಗೆ ಹೇಳುತ್ತೇನೆ. ಇದು ಉದ್ದನೆಯ ಉಕ್ಕಿನ ಕಡ್ಡಿ. ತುದಿಯಲ್ಲಿ 30 ಡಿಗ್ರಿ ಕೋನದ ಮೊನೆ, ಮೇಲೆ ಎರಡೂ ಕೈಯಲ್ಲಿ ಹಿಡಿಯುವ ಹಿಡಿ, ಅದರ ಕೆಳಗೆ ಒಂದು ಡಯಲ್. ಕಡ್ಡಿಯ ಮೇಲೆ 3 ಇಂಚಿಗೊಂದು ಗೆರೆ ಇರುತ್ತದೆ. ನೆಲಕ್ಕೆ ಒತ್ತಿದಾಗ ಮಣ್ಣು ಎಷ್ಟು ಎದುರು ನಿಲ್ಲುತ್ತದೆ ಅನ್ನುವುದನ್ನು ಮುಳ್ಳು ತೋರಿಸುತ್ತದೆ. 200 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ತನಕ ಹಸಿರು, 200ರಿಂದ 300 ಹಳದಿ, ಅದರ ಮೇಲೆ ಕೆಂಪು. 300 ದಾಟಿದ ಪದರದಲ್ಲಿ ಬೇರು ಇಳಿಯುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಬಿರುಕೋ ಎರೆಹುಳದ ಬಿಲವೋ ಸಿಕ್ಕರೆ ಅದರೊಳಗೆ ನುಸುಳುತ್ತದೆ, ಅಷ್ಟೇ.

ನಾನು ಇದನ್ನು ಬಳಸುವುದು ಅಮೆರಿಕದ ವರ್ಮಾಂಟ್ ರಾಜ್ಯದ ಶಾಂಪ್ಲೇನ್ ಕಣಿವೆಯ ಒಂದು ಡೈರಿ ಫಾರ್ಮಿನಲ್ಲಿ. ಸೈಲೇಜಿಗೆ, ಅಂದರೆ ಹಸಿಯಾಗಿ ಕೊಚ್ಚಿ ಹುಳಿಸಿ ಇಡುವ ಮೇವಿಗೆ, ಮುಸುಕಿನ ಜೋಳ, ಮೇವಿಗೆ ಹುಲ್ಲಿನ ಜೊತೆ ಆಲ್ಫಾಲ್ಫಾ, ಅಂದರೆ ನಮ್ಮವರು ಲೂಸರ್ನ್ ಅನ್ನುವ ಬೆಳೆ. ಮಣ್ಣು ವರ್ಜೆನ್ಸ್ ಕ್ಲೇ. ಹಿಮಯುಗ ಮುಗಿಯುವಾಗ ನಿಂತ ನೀರಿನ ತಳದಲ್ಲಿ ಕೂತ ಜೇಡಿ ಇದು. ಒದ್ದೆಯಾದರೆ ಬೂಟು ಬಿಡುವುದಿಲ್ಲ, ಒಣಗಿದರೆ ಗುದ್ದಲಿ ಇಳಿಯುವುದಿಲ್ಲ. ಇಲ್ಲಿ ಡಿಸೆಂಬರ್ 15ರಿಂದ ಏಪ್ರಿಲ್ 1ರ ತನಕ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹಾಕುವಂತಿಲ್ಲ. ನೀರು ಕೆಡದಿರಲಿ ಅಂತ ಮಾಡಿದ ನಿಯಮ, ಸರಿಯಾದದ್ದೇ. ಆದರೆ ಚಳಿಗಾಲಕ್ಕೆ ಮುಂಚೆ ಗೊಬ್ಬರದ ಗುಂಡಿ ಖಾಲಿ ಮಾಡಬೇಕಲ್ವಾ? ಹಾಗಾಗಿ ಸೈಲೇಜ್ ಕಟಾವು ಮುಗಿದ ಮೇಲೆ, ಶರತ್ಕಾಲದ ಮಳೆ ಹಿಡಿದಿರುವಾಗಲೇ, ನೀರುಗೊಬ್ಬರ ತುಂಬಿದ ಟ್ಯಾಂಕರ್‌ಗಳು ಹೊಲಕ್ಕೆ ಇಳಿಯುತ್ತವೆ. ಒಂದು ಅಚ್ಚಿನ ಮೇಲೆ 10 ಟನ್‌ಗಿಂತ ಜಾಸ್ತಿ ಭಾರ ಬಿದ್ದರೆ ಒತ್ತಡ ಉಳುಮೆ ಪದರವನ್ನೂ ದಾಟಿ ಕೆಳಗೆ ಹೋಗುತ್ತದೆ. ಟೈರ್ ಅಗಲ ಮಾಡಿದರೆ ಮೇಲ್ಮಣ್ಣು ಉಳಿಯಬಹುದು, ಆಳದ ಮಣ್ಣು ಉಳಿಯುವುದಿಲ್ಲ.

ಈ ಕಡೆ ಎಲ್ಲರ ಬಾಯಲ್ಲೂ ಒಂದು ಮಾತಿದೆ: ಚಳಿಗಾಲ ಬಂದು ನೆಲ ಹೆಪ್ಪುಗಟ್ಟಿದರೆ ಎಲ್ಲ ತಾನೇ ಸಡಿಲವಾಗುತ್ತದೆ ಅಂತ. ಈ ಕಡ್ಡಿ ನನಗೆ ಕೊಟ್ಟ ದೊಡ್ಡ ಲಾಭ ಎಂದರೆ ಆ ನಂಬಿಕೆ ಬಿಡಿಸಿದ್ದು. ಪ್ರತಿ ವಸಂತದಲ್ಲೂ ಟ್ಯಾಂಕರ್ ತಿರುಗುವ ಹೊಲದ ಅಂಚಿನಲ್ಲಿ ಚುಚ್ಚುತ್ತೇನೆ. ಮೇಲಿನ ನಾಲ್ಕೈದು ಇಂಚು ಬೆಣ್ಣೆ. ಮುಳ್ಳು ಹಸಿರಲ್ಲೇ ಆರಾಮಾಗಿ ಇರುತ್ತದೆ. ಮೂರನೇ ಗೆರೆ, ಅಂದರೆ 9 ಇಂಚು, ಹತ್ತಿರ ಬರುತ್ತಿದ್ದಂತೆ ಹಳದಿಯಲ್ಲಿ ನಿಲ್ಲದೆ ನೇರ ಕೆಂಪಿಗೆ ಜಿಗಿಯುತ್ತದೆ, ಹಿಡಿ ಅಂಗೈಗೆ ಒತ್ತುತ್ತದೆ. ಕಾರಣ ಸರಳ. ಮೇಲಿನ ಪದರ ಚಳಿಗಾಲದಲ್ಲಿ ಹಲವು ಸಲ ಹೆಪ್ಪುಗಟ್ಟಿ ಕರಗುತ್ತದೆ. ಕೆಳಗೆ ಹೋದಂತೆ ಆ ಆಟ ಇಡೀ ಚಳಿಗಾಲಕ್ಕೆ ಒಂದು ಸಲ ಆದರೆ ಹೆಚ್ಚು.

ಅಲ್ಲಿ ಸಲಿಕೆ ಹಾಕಿ ನೋಡಿದರೆ ಆಲ್ಫಾಲ್ಫಾದ ತಾಯಿಬೇರು ನೆಟ್ಟಗೆ ಇಳಿದು, ಅದೇ ಆಳದಲ್ಲಿ ಮೊಣಕೈಯಂತೆ ಮಡಚಿ ಅಡ್ಡಕ್ಕೆ ಹೋಗಿರುತ್ತದೆ. ಮಣ್ಣು ಚಪ್ಪಟೆ ಬಿಲ್ಲೆ ಬಿಲ್ಲೆಯಾಗಿ ಎದ್ದು ಬರುತ್ತದೆ. ಡಯಲ್ ಹೇಳುವುದು ಎಲ್ಲಿ ಅಗೆಯಬೇಕು ಅಂತ ಮಾತ್ರ. ಏನಾಗಿದೆ ಅಂತ ಹೇಳುವುದು ಬೇರು.

ಬಳಸುವಾಗ ಎಲ್ಲಕ್ಕಿಂತ ಮುಖ್ಯ ಹದ. 'ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು' ಅನ್ನುತ್ತಾರಲ್ಲ, ಚುಚ್ಚುವುದಕ್ಕೂ ಹದವೇ ಬೇಕು. ಚೆನ್ನಾಗಿ ನೆನೆದ ಮಣ್ಣು ಒಂದು ದಿನ ನೀರು ಬಸಿದುಕೊಂಡ ಮೇಲೆ ಅಳೆಯಿರಿ. ಬೇಸಿಗೆಯಲ್ಲಿ ಒಣಗಿದ ಜೇಡಿಗೆ ಚುಚ್ಚಿದರೆ ಎಲ್ಲೆಡೆ ಕೆಂಪು, ಕೆಸರಿಗೆ ಚುಚ್ಚಿದರೆ ಎಲ್ಲೆಡೆ ಹಸಿರು. ಎರಡೂ ಸುಳ್ಳು. ಮೈಭಾರ ಹಾಕಿ ಧಡ್ ಅಂತ ಒತ್ತಬೇಡಿ. ಸೆಕೆಂಡಿಗೆ ಒಂದು ಇಂಚು, ಒಂದೇ ಸಮನಾಗಿ. ಕಲ್ಲು ತಗುಲಿದರೆ ಕಡ್ಡಿ ಟಣ್ ಅನ್ನುತ್ತದೆ, ಮುಳ್ಳು ಹುಚ್ಚಾಪಟ್ಟೆ ಏರುತ್ತದೆ. ಆ ಅಳತೆ ಬಿಟ್ಟು ಪಕ್ಕಕ್ಕೆ ಹೋಗಿ. ಜೊತೆಗೆ ಎರಡು ಮೊನೆ ಬರುತ್ತವೆ: ಗಟ್ಟಿ ನೆಲಕ್ಕೆ ಅರ್ಧ ಇಂಚಿನದು, ಮೆತ್ತನೆಯದಕ್ಕೆ ಮುಕ್ಕಾಲು ಇಂಚಿನದು. ಡಯಲ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಅಂಕೆ. ಯಾವುದು ಹಾಕಿದ್ದೀರೋ ಅದನ್ನೇ ಓದಿ.

ನಾನು ಬರೆದಿಡುವುದು ಎರಡೇ ಸಂಗತಿ. ಮುಳ್ಳು ಎಷ್ಟು ಆಳದಲ್ಲಿ 300 ದಾಟಿತು, ಎಷ್ಟು ಆಳದಲ್ಲಿ ಮತ್ತೆ ಇಳಿಯಿತು. ಗಟ್ಟಿ ಪದರ ಎಷ್ಟು ದಪ್ಪ ಅಂತ ಆಗ ಗೊತ್ತಾಗುತ್ತದೆ. ಎಕ್ಸ್‌ಟೆನ್ಷನ್‌ನವರು, ಅಂದರೆ ರೈತರಿಗೆ ಸಲಹೆ ಕೊಡುವ ವಿಶ್ವವಿದ್ಯಾಲಯದ ವಿಸ್ತರಣಾ ಸೇವೆಯವರು, ಕೊಡುವ ಕೋಷ್ಟಕದ ಪ್ರಕಾರ, ಮೇಲಿನ 15 ಇಂಚಿನೊಳಗೆ 300 ದಾಟಿದ ಜಾಗಗಳು ನೂರಕ್ಕೆ 50ಕ್ಕಿಂತ ಕಡಿಮೆಯಿದ್ದರೆ ಆಳದ ಉಳುಮೆ ಬೇಕಿಲ್ಲ. ನಮ್ಮ ಹೆಚ್ಚಿನ ಹೊಲಗಳು ಆ ಮಿತಿಯ ಕೆಳಗೇ ಇವೆ. ಸುಮ್ನೆ ಅನುಮಾನದ ಮೇಲೆ ಇಡೀ ಹೊಲಕ್ಕೆ ಸಬ್‌ಸಾಯಿಲರ್ (ಆಳದ ಗಟ್ಟಿ ಪದರ ಸೀಳುವ ನೇಗಿಲು) ಹಾಕಿಸುವ ಡೀಸೆಲ್ ಖರ್ಚು ತಪ್ಪಿತು. ಕಡ್ಡಿಯ ದುಡ್ಡು ಬಂದದ್ದು ಅಲ್ಲೇ.

ಕೆಂಪು ಕಾಣಿಸಿದ ಕಡೆ ಮಾಡಿದ್ದು ಇಷ್ಟು: ಟ್ಯಾಂಕರ್‌ಗೆ ಒಂದೇ ದಾರಿ ಗೊತ್ತು ಮಾಡಿದೆವು, ಹೊಲಕ್ಕೆ ಇಳಿಯುವಾಗ ಟೈರಿನ ಗಾಳಿ ಕಡಿಮೆ ಮಾಡಿದೆವು, ಸೈಲೇಜ್ ಆದ ತಕ್ಷಣ ಚಳಿಗಾಲದ ರೈ ಧಾನ್ಯ ಬಿತ್ತಿದೆವು, ತೀರಾ ಕೆಟ್ಟ ತುಂಡನ್ನು ಜೋಳದಿಂದ ಬಿಡಿಸಿ ಮೇವಿಗೆ ಬಿಟ್ಟೆವು. ಆ ತುಂಡಿನಲ್ಲಿ ಕೆಂಪು ಪದರ ತೆಳ್ಳಗಾಗುತ್ತಿದೆ, ಆದರೆ ತುಂಬಾ ನಿಧಾನ. ಒಂದು ವರ್ಷ ಅಳೆದು ಫಲ ಹುಡುಕುವವರಿಗೆ ಬೇಸರವೇ.

ಒಂದು ನಕ್ಷತ್ರ ಕಡಿಮೆ ಕೊಟ್ಟದ್ದಕ್ಕೆ ಕಾರಣಗಳಿವೆ. ಒತ್ತುತ್ತಾ ಡಯಲ್ ನೋಡಬೇಕು, ಅದೇ ಹೊತ್ತಿಗೆ ಕಾಲ ಬಳಿ ಗೆರೆಯನ್ನೂ ನೋಡಬೇಕು. ಒಬ್ಬರಿಗೆ ಕಷ್ಟ, ಇನ್ನೊಬ್ಬರು ಬರೆದುಕೊಂಡರೆ ಸಲೀಸು. ಒತ್ತುವವರು ಬದಲಾದರೆ ಅಂಕೆಯೂ ಬದಲಾಗುತ್ತದೆ, ಹಾಗಾಗಿ ನಮ್ಮಲ್ಲಿ ಪ್ರತಿ ಸಲ ಒಬ್ಬರೇ ಒತ್ತುತ್ತಾರೆ. ಚಳಿಯಲ್ಲಿ ಡಯಲ್ ಗಾಜಿನ ಒಳಗೆ ಹಬೆ ಕೂರುತ್ತದೆ. ಇನ್ನು ಮೊನೆ ಸವೆಯುತ್ತದೆ, ಆದರೆ ಜೊತೆಗೆ ಬಂದ ಚೀಟಿಯಲ್ಲಿ ಆ ಬಗ್ಗೆ ಒಂದು ಮಾತೂ ಇಲ್ಲ. ಸವೆದ ಮೊನೆ ತೆಳ್ಳಗಾಗಿ ಸುಲಭವಾಗಿ ಇಳಿಯುತ್ತದೆ, ಮುಳ್ಳು ಕಡಿಮೆ ತೋರಿಸುತ್ತದೆ, ಹೊಲ ಸುಧಾರಿಸಿತು ಅಂತ ನಾವು ಖುಷಿಪಡುತ್ತೇವೆ!

ಹೊಲ ಚಿಕ್ಕದಿದ್ದರೆ ಹತ್ತಿರದ ಎಕ್ಸ್‌ಟೆನ್ಷನ್ ಕಚೇರಿಯಲ್ಲಿ ವಿಚಾರಿಸಿ, ಎಷ್ಟೋ ಕಡೆ ಎರವಲು ಕೊಡುತ್ತಾರೆ. ಭಾರದ ಯಂತ್ರ ಓಡಿಸುವ ಡೈರಿಯವರು ಸ್ವಂತದ್ದೇ ಇಟ್ಟುಕೊಳ್ಳುವುದು ಮೇಲು, ಯಾಕಂದರೆ ಮಣ್ಣು ಹದಕ್ಕೆ ಬಂದ ದಿನ ಎರವಲಿನ ಕಡ್ಡಿ ಬೇರೆಯವರ ಹೊಲದಲ್ಲಿರುತ್ತದೆ. ಕೊಳ್ಳುವಾಗಲೇ ಅರ್ಧ ಇಂಚಿನ ಮೊನೆ ಇನ್ನೊಂದು ತೆಗೆದುಕೊಳ್ಳಿ.