ಆರು ಮಳೆಗಾಲ ಕಂಡ ಟ್ರಂಕು: ಗಾಡಿ ಕೈಕೊಟ್ಟಾಗ ಕೈಹಿಡಿದದ್ದು ಯಾವುದು?

ಹಾಸನದಲ್ಲಿರುವ ನಾವು ಮೂರು ಕುಟುಂಬದವರು 2019ರಿಂದ ವರ್ಷಕ್ಕೆ ಎರಡು ಮೂರು ಬಾರಿ ಸಕಲೇಶಪುರ, ಮೂಡಿಗೆರೆ, ಬಿಸಿಲೆ ಕಡೆಯ ಕಚ್ಚಾ ರಸ್ತೆಗಳಲ್ಲಿ, ಹೆಚ್ಚಾಗಿ ಪರಿಚಯದವರ ಕಾಫಿ ತೋಟಗಳ ಒಳದಾರಿಗಳಲ್ಲಿ ತಿರುಗಾಡುತ್ತ ಬಂದಿದ್ದೇವೆ. ನನ್ನದು ಫೋರ್ ಬೈ ಫೋರ್ (ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ) ಡೀಸೆಲ್ ಗಾಡಿ, ಭಾವನದು ಹಳೆಯ ಪೆಟ್ರೋಲ್ ಜೀಪು. ಗೆಳೆಯನ ಸಂಸಾರ ಎರಡರಲ್ಲೂ ಹಂಚಿಕೊಂಡು ಕೂರುತ್ತದೆ. ನನ್ನ ಗಾಡಿಯ ಹಿಂಬದಿಯಲ್ಲಿ ಒಂದು ತಗಡಿನ ಟ್ರಂಕು ಇದೆ. ಗಾಳಿ ತುಂಬುವ ಪಂಪು, ಪಂಕ್ಚರ್ ಕಿಟ್, ಎಳೆಯುವ ಹಗ್ಗ, ಹಗ್ಗವನ್ನು ಗಾಡಿಗೆ ಸಿಕ್ಕಿಸುವ ಕಬ್ಬಿಣದ ಶ್ಯಾಕಲ್‌ಗಳು, ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದಕ್ಕೆ ವಿದ್ಯುತ್ ಕೊಡುವ ಜಂಪರ್ ಕೇಬಲ್, ಕೆಸರಿನಲ್ಲಿ ಚಕ್ರದಡಿ ಇಡುವ ಪ್ಲಾಸ್ಟಿಕ್ ಹಲಗೆಗಳು, ಪಾನಾಗಳು ಎಲ್ಲವೂ ಸೇರಿ ಅದರೊಳಗೆ ಸುಮಾರು 32,000 ರೂಪಾಯಿಯ ಸಾಮಾನು ಇದೆ. ಈ ವಿಮರ್ಶೆ ಆ ಟ್ರಂಕಿನದು. ಒಂದೇ ಬಗೆಯ ಪಂಪು ಮೂರು ನಾಲ್ಕು ಹೆಸರುಗಳಲ್ಲಿ ಮಾರಾಟವಾಗುವುದನ್ನು ಕಂಡಿರುವುದರಿಂದ ಕಂಪನಿಗಳ ಹೆಸರನ್ನು ಬರೆಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಬದಲಿಗೆ ಸಾಮಾನಿನಲ್ಲಿ ಏನನ್ನು ನೋಡಿ ಕೊಳ್ಳಬೇಕು ಎಂಬುದನ್ನು ಬರೆಯುತ್ತೇನೆ.

ಅಂಗಡಿಯವರು ಎಷ್ಟು ಟನ್ ಎಳೆಯುತ್ತದೆ, ಎಷ್ಟು ಆಂಪಿಯರ್ ಕೊಡುತ್ತದೆ ಎಂದು ಹೇಳುತ್ತಾರೆ. ನಾನು ಈಗ ಕೇಳಿಕೊಳ್ಳುವ ಪ್ರಶ್ನೆ ಬೇರೆ. ಕತ್ತಲಾಗಿ, ಮಳೆ ಹಿಡಿದು, ಮಕ್ಕಳು ಹಸಿವೆಂದು ರಗಳೆ ಮಾಡುತ್ತಿರುವಾಗ, ನಾನು ಗಾಡಿಯ ಅಡಿಯಲ್ಲಿ ಮಲಗಿದ್ದರೆ, ಈ ವಸ್ತುವನ್ನು ನನ್ನ ಹೆಂಡತಿ ಒಬ್ಬಳೇ ಟ್ರಂಕಿನಿಂದ ಹುಡುಕಿ ತೆಗೆದು ಬಳಸಬಲ್ಲಳೇ? ಈ ಪರೀಕ್ಷೆಯಲ್ಲಿ ದುಬಾರಿ ಸಾಮಾನುಗಳಲ್ಲಿ ಅರ್ಧದಷ್ಟು ಅನುತ್ತೀರ್ಣವಾದವು.

ಉತ್ತೀರ್ಣವಾದವುಗಳಲ್ಲಿ ಮೊದಲನೆಯದು ಗಾಳಿಯ ಪಂಪು. ನಾನು ಮೊದಲು ಕೊಂಡದ್ದು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಸಣ್ಣ ಪಂಪು. ಎರಡು ಟೈರು ತುಂಬಿ, ಮೂರನೆಯದಕ್ಕೆ ಹಚ್ಚಿದ ಕೂಡಲೇ 15 ಆಂಪಿಯರಿನ ಫ್ಯೂಸು ಹೋಯಿತು; ಅದರೊಂದಿಗೆ ಮೊಬೈಲ್ ಚಾರ್ಜ್ ಮಾಡುವ ದಾರಿಯೂ ಹೋಯಿತು. ಎರಡನೆಯದು ಜೋಡಿ ಸಿಲಿಂಡರಿನದು, ಬ್ಯಾಟರಿಯ ಎರಡು ತುದಿಗಳಿಗೆ ಕ್ಲಿಪ್ಪು ಹಾಕಿ ನೇರವಾಗಿ ನಡೆಸುವಂಥದ್ದು. 2019ರ ಕೊನೆಯಲ್ಲಿ 4,800 ರೂಪಾಯಿ ಕೊಟ್ಟೆ, ಇಂದಿಗೂ ನಡೆಯುತ್ತಿದೆ. 18 ಪಿಎಸ್‌ಐಗೆ (ಟೈರಿನ ಗಾಳಿಯ ಒತ್ತಡದ ಅಳತೆ) ಇಳಿಸಿದ ಟೈರನ್ನು ಮತ್ತೆ 31ಕ್ಕೆ ತರಲು ಸುಮಾರು ನಾಲ್ಕು ನಿಮಿಷ ಬೇಕು. ಎಂಜಿನ್ ಚಾಲೂ ಇಟ್ಟೇ ಪಂಪು ನಡೆಸಬೇಕು, ಇಲ್ಲವಾದರೆ ಟೈರು ತುಂಬಿ ಬ್ಯಾಟರಿ ಖಾಲಿಯಾಗುತ್ತದೆ. ಎರಡು ಟೈರಿಗೊಮ್ಮೆ ಪಂಪಿಗೆ ಹತ್ತು ನಿಮಿಷ ವಿಶ್ರಾಂತಿ ಕೊಡುತ್ತೇನೆ. ವಾಲ್ವಿಗೆ ತಿರುಗಿಸಿ ಕೂರಿಸುವ ಹಿತ್ತಾಳೆಯ ತುದಿ ಈ ಹೊತ್ತಿಗೆ ಬಾಣಲೆಯಂತೆ ಕಾದಿರುತ್ತದೆ ಎಂಬುದನ್ನು ಕೈಪಿಡಿ ಹೇಳಿರಲಿಲ್ಲ. ನನ್ನ ಬಲಗೈಯ ಹೆಬ್ಬೆರಳಿನಲ್ಲಿ ಈಗಲೂ ಬಟಾಣಿಯಷ್ಟು ಕಲೆ ಇದೆ. ಅಂದಿನಿಂದ ಪಂಪಿನ ಚೀಲದಲ್ಲಿ ಒಂದು ಮಸಿಬಟ್ಟೆ ಖಾಯಂ. ಪಂಪಿನ ಮೀಟರು ಎರಡು ಪಿಎಸ್‌ಐ ಹೆಚ್ಚಾಗಿ ತೋರಿಸುತ್ತದೆ, ಹಾಗಾಗಿ ಕೈಯಲ್ಲಿ ಹಿಡಿಯುವ ಗೇಜ್ ಒಂದನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ. 2022ರಲ್ಲಿ ಹೋಸು ಸೀಳಿ ಬದಲಾಯಿಸಬೇಕಾಯಿತು. ಇಷ್ಟು ಬಿಟ್ಟರೆ ದೂರುಗಳಿಲ್ಲ.

ಪಂಪಿಗೆ ಇಷ್ಟು ಮಹತ್ವ ಏಕೆ ಎಂಬುದು ನನಗೆ ಅರ್ಥವಾದದ್ದು ಒಂದು ತೋಟದ ಏರಿನಲ್ಲಿ. ಜುಲೈ ತಿಂಗಳು, ಮೂರು ದಿನ ಬಿಡದೆ ಸುರಿದ ಮಳೆಗೆ ಕೆಂಪು ಮಣ್ಣು ಹಿಟ್ಟು ಕಲಸಿದಂತಾಗಿತ್ತು. ನನ್ನ ಗಾಡಿ ಆಕ್ಸಲ್ ತಾಗುವವರೆಗೆ ಕುಳಿತಿತು. ಭಾವನ ಜೀಪಿಗೆ ಹಗ್ಗ ಕಟ್ಟಿ ಮೂರು ಬಾರಿ ಎಳೆಸಿದೆವು. ಮೂರನೆಯ ಬಾರಿಗೆ ಜೀಪೂ ಅಡ್ಡ ಜಾರಿ ಚರಂಡಿಗೆ ಒಂದು ಚಕ್ರ ಇಳಿಸಿತು. ತೋಟದ ಕೆಲಸಗಾರರು ವಾಸಿಸುವ ಲೈನ್ ಮನೆಯ ಕಡೆಯಿಂದ ಗೋಣಿಚೀಲ ಹೊದ್ದುಕೊಂಡು ಬಂದ ಟ್ರ್ಯಾಕ್ಟರ್ ಚಾಲಕರು ಸ್ವಲ್ಪ ಹೊತ್ತು ನೋಡಿ, "ಹಗ್ಗ ಆಮೇಲೆ ಸಾರ್, ಮೊದ್ಲು ಗಾಳಿ ಬಿಡಿ" ಎಂದರು. ನಾಲ್ಕೂ ಟೈರುಗಳನ್ನು 16ಕ್ಕೆ ಇಳಿಸಿ, ಚಕ್ರದ ಮುಂದಿನ ಮಣ್ಣನ್ನು ಗುದ್ದಲಿಯಿಂದ ಇಳಿಜಾರಾಗಿ ಕೆತ್ತಿ, ಲೋ ರೇಂಜಿನಲ್ಲಿ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ವ್ಯವಸ್ಥೆ) ಎರಡನೆಯ ಗೇರು ಹಾಕಿ ಕ್ಲಚ್ಚು ಬಿಟ್ಟರೆ, ಗಾಡಿ ಯಾರ ಹಂಗೂ ಇಲ್ಲದೆ ಮೇಲೆದ್ದು ಬಂತು. ಗಾಳಿ ಕಡಿಮೆಯಾದ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುವುದರಿಂದ ಭಾರ ಹಂಚಿಹೋಗುತ್ತದೆ, ಹಿಡಿತ ಹೆಚ್ಚುತ್ತದೆ. ಆದರೆ ಇಳಿಸುವುದಕ್ಕೂ ಮಿತಿಯಿದೆ. ಒಮ್ಮೆ 14ಕ್ಕೆ ಇಳಿಸಿ, ಕಲ್ಲಿನ ಇಳಿಜಾರಿನಲ್ಲಿ ಸ್ಟಿಯರಿಂಗ್ ಜೋರಾಗಿ ತಿರುಗಿಸಿದಾಗ ಟೈರು ರಿಮ್ಮಿನಿಂದಲೇ ಕಳಚಿಕೊಂಡಿತು. ಡಾಂಬರು ರಸ್ತೆ ಸೇರಿದ ಮೇಲೆ ಗಾಳಿ ತುಂಬದೆ ವೇಗವಾಗಿ ಓಡಿಸಿದರೆ ಟೈರು ಕಾದು ಹಾಳಾಗುತ್ತದೆ. ಎಂದರೆ, ಮತ್ತೆ ತುಂಬುವ ದಾರಿ ಕೈಯಲ್ಲಿ ಇದ್ದವನಿಗೆ ಮಾತ್ರ ಗಾಳಿ ಬಿಡುವ ಧೈರ್ಯ ಬರುತ್ತದೆ.

ಪಂಕ್ಚರ್ ಕಿಟ್‌ನ ಕಥೆ ಮಿಶ್ರ. ಟ್ಯೂಬ್‌ಲೆಸ್ ಟೈರಿನ ನಡುಭಾಗಕ್ಕೆ ಮೊಳೆ ಚುಚ್ಚಿದರೆ, ತೂತನ್ನು ಉಜ್ಜಿ ಅಂಟಿನ ಪಟ್ಟಿ ತುರುಕುವ ಕೆಲಸ ಹತ್ತು ನಿಮಿಷದ್ದು. ಇದನ್ನು ನನ್ನ ಹೆಂಡತಿ ನನಗಿಂತ ಚೆನ್ನಾಗಿ ಮಾಡುತ್ತಾಳೆ. ಮೊದಲು ಕೊಂಡ ಕಿಟ್‌ನ ಪ್ಲಾಸ್ಟಿಕ್ ಹಿಡಿ ಎರಡನೆಯ ಪಂಕ್ಚರಿಗೇ ಮುರಿಯಿತು, ಆದ್ದರಿಂದ ಕಬ್ಬಿಣದ ಹಿಡಿ ಇರುವುದನ್ನೇ ಕೊಳ್ಳಿ. ಒಮ್ಮೆ ತೆರೆದ ಅಂಟಿನ ಟ್ಯೂಬು ಮುಚ್ಚಳ ಎಷ್ಟೇ ಬಿಗಿದರೂ ಒಣಗುತ್ತದೆ. ಹತ್ತಾರು ರೂಪಾಯಿಯ ಆ ಟ್ಯೂಬನ್ನು ಪ್ರತಿ ವರ್ಷ ಹೊಸದಾಗಿ ಇಡಿ.

ಟೈರಿನ ಪಕ್ಕ ಹರಿದರೆ ಮಾತ್ರ ಯಾವ ಕಿಟ್ಟೂ ಕೆಲಸಕ್ಕೆ ಬಾರದು, ಸ್ಟೆಪ್ನಿಯೊಂದೇ ಗತಿ. ಬಿಸಿಲೆಯ ಹತ್ತಿರದ ಒಂದು ತೋಟದ ದಾರಿಯಲ್ಲಿ ಸಂಜೆ ಆರರ ಹೊತ್ತಿಗೆ ನಮಗೆ ಆದದ್ದು ಅದೇ. ಗಾಡಿಯೊಂದಿಗೆ ಬಂದ ಜಾಕ್ ಗಾಡಿಯನ್ನು ಎತ್ತುವ ಬದಲು ತಾನೇ ಮಣ್ಣಿನೊಳಗೆ ಇಳಿಯಿತು. ನಟ್ಟುಗಳನ್ನು ಟೈರ್ ಅಂಗಡಿಯವರು ಗಾಳಿಯ ಗನ್ನಿನಿಂದ ಬಿಗಿದಿದ್ದರಿಂದ ಗಾಡಿಯೊಂದಿಗೆ ಬಂದ ಗೇಣುದ್ದದ ಪಾನಾದ ಮೇಲೆ ನಿಂತು ಕುಣಿದರೂ ಅವು ಅಲ್ಲಾಡಲಿಲ್ಲ. ಸಾಲದೆಂಬಂತೆ ಇಂಬಳಗಳು ಮಕ್ಕಳ ಕಾಲಿಗೆ ಹತ್ತಿದವು. ಆ ರಾತ್ರಿ ಕೊನೆಗೆ ತೋಟದ ರೈಟರ್ (ಕೆಲಸ, ಲೆಕ್ಕ ನೋಡಿಕೊಳ್ಳುವವರು) ತಂದುಕೊಟ್ಟ ಒಂದು ಹಲಸಿನ ಹಲಗೆ ಮತ್ತು ಎರಡಡಿಯ ನೀರಿನ ಪೈಪಿನ ತುಂಡಿನಿಂದ ಕೆಲಸ ಆಯಿತು: ಜಾಕಿನಡಿ ಹಲಗೆ, ಪಾನಾದ ಹಿಡಿಗೆ ಪೈಪು. ಮರುದಿನ ಬೆಳಿಗ್ಗೆ ಅವೆರಡನ್ನೂ ಕೇಳಿ ಪಡೆದುಕೊಂಡೆ. ಟ್ರಂಕಿನಲ್ಲಿ ಬಿಟ್ಟಿಯಾಗಿ ಬಂದ ಸಾಮಾನು ಇವೆರಡೇ. ಪಂಪನ್ನು ಬಿಟ್ಟರೆ ಅತಿ ಹೆಚ್ಚು ಬಳಕೆಯಾದವೂ ಇವೆರಡೇ. ಆ ದಿನ ಒಂದು ನಟ್ಟು ಕೆಸರಿನಲ್ಲಿ ಕಳೆದುಹೋಗಿತ್ತು. ಈಗ ಬಿಚ್ಚಿದ ನಟ್ಟುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಿಡಿದು ನಿಲ್ಲುವುದು ಮಗಳ ಕೆಲಸ. ಹನ್ನೊಂದು ವರ್ಷದ ಅವಳು ಐದನ್ನೂ ಎಣಿಸಿ ಗಟ್ಟಿಯಾಗಿ ಹೇಳದೆ ಡಬ್ಬಿಯನ್ನು ಯಾರಿಗೂ ಕೊಡುವುದಿಲ್ಲ.

ಹಗ್ಗದ ಬಗ್ಗೆ ಎಚ್ಚರಿಕೆಯಿಂದ ಬರೆಯಬೇಕು. ನನ್ನದು ನೈಲಾನಿನ ಕೈನೆಟಿಕ್ ಹಗ್ಗ, ಒಂಬತ್ತು ಮೀಟರ್ ಉದ್ದ. ರಬ್ಬರಿನಂತೆ ಹಿಗ್ಗಿ, ಆ ಹಿಗ್ಗಿನ ಬಲದಿಂದ ಹೂತ ಗಾಡಿಯನ್ನು ಎಬ್ಬಿಸುವುದು ಅದರ ಗುಣ. ಹಿಗ್ಗದ ಸಾಮಾನ್ಯ ಟೋಯಿಂಗ್ ಹಗ್ಗದಿಂದ ಹೀಗೆ ಜಗ್ಗಿದರೆ ಕೊಕ್ಕೆ ಕಿತ್ತು ಬರಬಹುದು. ಹಾಗೆ ಕಿತ್ತು ಬಂದ ಕಬ್ಬಿಣ ಗುಂಡಿನಂತೆ ಹಾರುತ್ತದೆ. ಟ್ರೇಲರ್ ಕಟ್ಟುವ ಕಬ್ಬಿಣದ ಚೆಂಡಿಗೆ (ಟೋ ಬಾಲ್) ಎಳೆಯುವ ಹಗ್ಗವನ್ನು ಎಂದೂ ಕಟ್ಟಬಾರದು, ಹೀಗೆ ಕಟ್ಟಿ ಜನ ಸತ್ತಿದ್ದಾರೆ. ಗಾಡಿಯ ಚೌಕಟ್ಟಿಗೆ (ಷಾಸಿ) ಬೋಲ್ಟ್ ಮಾಡಿದ, ಎಳೆಯುವುದಕ್ಕೆಂದೇ ಕೊಟ್ಟಿರುವ ಕೊಕ್ಕೆ ಮಾತ್ರ ನಂಬಿಕೆಗೆ ಅರ್ಹ. ಹಗ್ಗದ ನಡುವೆ ಒದ್ದೆ ಕಂಬಳಿ ಹಾಸಿ, ಮಕ್ಕಳನ್ನೂ ಹಿರಿಯರನ್ನೂ ಹಗ್ಗದ ಒಂದೂವರೆ ಪಟ್ಟು ದೂರ ಕಳುಹಿಸಿದ ಮೇಲೆಯೇ ನಾವು ಎಂಜಿನ್ ಚಾಲೂ ಮಾಡುವುದು. ಮೊಬೈಲಿನಲ್ಲಿ ವಿಡಿಯೋ ಹಿಡಿಯಲು ಹತ್ತಿರ ಬರುವ ಗೆಳೆಯನನ್ನು ದೂರವಿಡುವುದೇ ಇದರಲ್ಲಿ ಅತಿ ಕಷ್ಟದ ಭಾಗ. 7,500 ರೂಪಾಯಿಯ ಈ ಹಗ್ಗ ಆರು ವರ್ಷದಲ್ಲಿ ನಿಜವಾಗಿ ಬೇಕಾದದ್ದು ಐದು ಬಾರಿ. ಒಳ್ಳೆಯ ವಸ್ತುವೇ, ಆದರೆ ಎರಡನೆಯ ಗಾಡಿ ಜೊತೆಗಿಲ್ಲದವರಿಗೆ ನಿರುಪಯೋಗಿ.

ಜಂಪರ್ ಕೇಬಲ್ ಮಾತ್ರ ಶುದ್ಧ ಮೋಸ. ಹೆಬ್ಬೆರಳಿನಷ್ಟು ದಪ್ಪ ಕಂಡಿತೆಂದು ಕೊಂಡಿದ್ದೆ. ಒಂದು ಡಿಸೆಂಬರಿನಲ್ಲಿ ಹಳ್ಳದ ದಡದಲ್ಲಿ ಬಾಗಿಲು ತೆರೆದಿಟ್ಟು, ಹಾಡು ಹಾಕಿ, ಒಳಗಿನ ದೀಪ ಉರಿಸಿ, ಎಲ್ಲರ ಮೊಬೈಲ್ ಚಾರ್ಜಿಗಿಟ್ಟು ನಾಲ್ಕು ಗಂಟೆ ಕುಳಿತೆವು. ಹೊರಡುವಾಗ ಡೀಸೆಲ್ ಎಂಜಿನ್ ಟಕ್ ಟಕ್ ಎಂದಿತೇ ಹೊರತು ತಿರುಗಲಿಲ್ಲ. ಜೀಪಿನಿಂದ ಕೇಬಲ್ ಎಳೆದು ಸೆಲ್ಫ್ ಹೊಡೆದರೆ ಕೇಬಲ್ ಕೈಗೆ ಬಿಸಿಯಾಯಿತು, ಎಂಜಿನ್ ಮಾತ್ರ ಹಾಗೇ ಇತ್ತು. ಊರಿಗೆ ಬಂದು ಬ್ಲೇಡಿನಿಂದ ಸಿಪ್ಪೆ ಸುಲಿದು ನೋಡಿದೆ: ಒಳಗೆ ತಾಮ್ರದ ಬಣ್ಣ ಹೊದ್ದ ಅಲ್ಯೂಮಿನಿಯಂ ಎಳೆಗಳು, ಪೆನ್ಸಿಲಿನ ಸೀಸಕ್ಕಿಂತ ಕೊಂಚ ದಪ್ಪ, ಉಳಿದದ್ದೆಲ್ಲ ಪ್ಲಾಸ್ಟಿಕ್. ಆ ರಾತ್ರಿ ಕೇಬಲ್ ಹಚ್ಚಿಟ್ಟೇ ಜೀಪನ್ನು ಇಪ್ಪತ್ತು ನಿಮಿಷ ಓಡಲು ಬಿಟ್ಟು, ನಮ್ಮ ಬ್ಯಾಟರಿ ಒಂದಷ್ಟು ತುಂಬಿಕೊಂಡ ಮೇಲೆ ಎಂಜಿನ್ ಹತ್ತಿತು. ಈಗಿರುವುದು ಬೆಸುಗೆ ಯಂತ್ರದವರು ಬಳಸುವ ತಾಮ್ರದ ಕೇಬಲಿಗೆ ಗಟ್ಟಿ ಕ್ಲಿಪ್ಪು ಹಾಕಿಸಿಕೊಂಡದ್ದು. ಅದರ ಚೀಲದ ಮೇಲೆ ಹೆಂಡತಿ ಮಾರ್ಕರ್ ಪೆನ್ನಿನಿಂದ ಕ್ರಮ ಬರೆದಿಟ್ಟಿದ್ದಾಳೆ: ಕೆಂಪು ಮೊದಲು ಸತ್ತ ಬ್ಯಾಟರಿಗೆ, ನಂತರ ಒಳ್ಳೆಯದಕ್ಕೆ; ಕಪ್ಪು ಒಳ್ಳೆಯ ಬ್ಯಾಟರಿಗೆ, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರಿದರೂ ಬ್ಯಾಟರಿಯ ಅನಿಲದ ಹತ್ತಿರ ಹಾರಬಾರದೆಂಬುದು ಇದರ ಕಾರಣ.

ಪ್ಲಾಸ್ಟಿಕ್ ಹಲಗೆಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಚಕ್ರ ಒಮ್ಮೆ ಸುಮ್ಮನೆ ಸುತ್ತಿತೆಂದರೆ ಹಲ್ಲುಗಳು ಕರಗುತ್ತವೆ. ನಮ್ಮ ಜೋಡಿ ಈಗ ಊಟದ ಮೇಜಾಗಿದೆ. ಹಗ್ಗ ಸುತ್ತಿಕೊಳ್ಳುತ್ತ ಗಾಡಿಯನ್ನು ಎಳೆಯುವ ಯಂತ್ರವಾದ ವಿಂಚ್ ಕೊಳ್ಳುವ ಆಸೆ ಪ್ರತಿ ವರ್ಷ ಬರುತ್ತದೆ, ಬೆಲೆ ಮತ್ತು ತೂಕ ನೋಡಿ ಹೋಗುತ್ತದೆ.

ಟ್ರಂಕು ಕೊಳ್ಳುವಾಗ ನನ್ನ ತಲೆಗೆ ಹೊಳೆಯದ ಎರಡು ವಸ್ತುಗಳು ಈಗ ಅದರಲ್ಲಿ ಮೇಲುಗಡೆಯೇ ಇರುತ್ತವೆ. ಒಂದು, ಹಣೆಗೆ ಕಟ್ಟುವ 450 ರೂಪಾಯಿಯ ಟಾರ್ಚು. ಎರಡೂ ಕೈಗಳು ಬಿಡುವಾಗುವುದು ಎಷ್ಟು ದೊಡ್ಡ ಸೌಕರ್ಯ ಎಂಬುದು ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು ಕ್ಲಾಂಪ್ ಬಿಗಿದವರಿಗೆ ಗೊತ್ತು. ಇನ್ನೊಂದು, ಹತ್ತು ಲೀಟರ್ ಬಳಕೆಯ ನೀರು. ಮೂಡಿಗೆರೆಯ ಕಡೆ ಒಂದು ಏರಿನಲ್ಲಿ ರೇಡಿಯೇಟರಿನ ಮೇಲಿನ ಹೋಸು ಕ್ಲಾಂಪಿನ ಪಕ್ಕದಲ್ಲೇ ಸೀಳಿ ಬಾನೆಟ್ಟಿನಿಂದ ಹಬೆ ಎದ್ದಿತು. ಕಾದ ರೇಡಿಯೇಟರಿನ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುವುದರಿಂದ ಮುಕ್ಕಾಲು ಗಂಟೆ ಕಾದೆವು. ಸೀಳಿದ ತುದಿಯನ್ನು ಚಾಕುವಿನಿಂದ ಒಂದಂಗುಲ ಕತ್ತರಿಸಿ, ಉಳಿದ ಹೋಸನ್ನು ಎಳೆದು ಕೂರಿಸಿ ಕ್ಲಾಂಪ್ ಬಿಗಿದದ್ದಾಯಿತು. ತುಂಬುವುದಕ್ಕೆ ನೀರು ಎಲ್ಲಿಂದ? ಮಕ್ಕಳ ಬಾಟಲಿಗಳನ್ನೆಲ್ಲ ಬಗ್ಗಿಸಿದರೂ ಸಾಲದೆ ನಾನು ಊಟದ ಬುಟ್ಟಿಯ ಕಡೆ ನೋಡಿದಾಗ ಅಮ್ಮ, "ಅದಕ್ಕೆ ಮಜ್ಜಿಗೆ ಗಿಜ್ಜಿಗೆ ಕುಡಿಸೀಯಾ ಕಣೋ, ಮಕ್ಕಳಿಗೆ ಅಂತ ಇಟ್ಟಿರೋದು" ಎಂದು ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಭಾವ ಒಂದು ಮೈಲಿ ನಡೆದು ಕೆರೆಯಿಂದ ಎರಡು ಕ್ಯಾನ್ ನೀರು ಹೊತ್ತು ತಂದರು. ಹೋಸಿನ ಒಂದು ತುಂಡು, ನಾಲ್ಕು ಕ್ಲಾಂಪು, ಒಂದು ಫ್ಯಾನ್ ಬೆಲ್ಟು ಅಂದಿನಿಂದ ಟ್ರಂಕಿನ ಖಾಯಂ ನಿವಾಸಿಗಳು. ಅವಲಕ್ಕಿ, ಉಪ್ಪಿನ ಪೊಟ್ಟಣ, ಟಾರ್ಪಾಲು ಇರುವ ಚೀಲ ಅಮ್ಮನ ಸುಪರ್ದಿನಲ್ಲಿ ಬೇರೆಯೇ ಇರುತ್ತದೆ. ಗಾಡಿ ನಿಂತ ಕೂಡಲೇ ಮೊದಲು ಬಿಚ್ಚುವುದು ಆ ಚೀಲವನ್ನು: ಟಾರ್ಪಾಲಿನಡಿ ಕುಳಿತು ಅವಲಕ್ಕಿ ತಿನ್ನುವ ಮಕ್ಕಳು ಅಪ್ಪನಿಗೆ ಆತುರ ಹುಟ್ಟಿಸುವುದಿಲ್ಲ, ಮತ್ತು ನಮ್ಮ ತಪ್ಪುಗಳೆಲ್ಲ ಆತುರದಲ್ಲೇ ಆದವು.

ಈ ದಾರಿಗಳ ಬಹುಪಾಲಿನಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲವಾದ್ದರಿಂದ, ಯಾವ ದಾರಿ, ಎಷ್ಟು ಗಂಟೆಗೆ ವಾಪಸು ಎಂಬುದನ್ನು ಹೊರಡುವ ಮುನ್ನ ತೋಟದ ರೈಟರಿಗೆ ಹೇಳಿ ಹೋಗುತ್ತೇವೆ. ಕೊಡಚಾದ್ರಿ, ಮಾಂದಲಪಟ್ಟಿಯಂಥ ಕಡೆಗಳಿಗೆ ಈ ಟ್ರಂಕನ್ನು ನಂಬಿ ಸ್ವಂತ ಗಾಡಿ ಒಯ್ಯಬೇಡಿ. ಅಲ್ಲಿಯ ಜೀಪಿನವರಿಗೆ ಬಾಡಿಗೆ ಕೊಟ್ಟು ಹೋಗಿ, ದಾರಿಯ ಒಂದೊಂದು ಕಲ್ಲೂ ಅವರಿಗೆ ಪರಿಚಯ.

ಇಂದು ಮೊದಲಿನಿಂದ ಕೊಳ್ಳುವುದಾದರೆ ಪಂಪು, ಕಬ್ಬಿಣದ ಹಿಡಿಯ ಪಂಕ್ಚರ್ ಕಿಟ್, ತಾಮ್ರದ ಕೇಬಲ್, ಗುದ್ದಲಿ, ಹಣೆಯ ಟಾರ್ಚು ಇಷ್ಟನ್ನೇ ಕೊಳ್ಳುತ್ತೇನೆ. 12,000 ರೂಪಾಯಿಯೊಳಗೆ ಮುಗಿಯುತ್ತದೆ. ಪಂಪಿಗೆ ಐದಕ್ಕೆ ನಾಲ್ಕೂವರೆ ಅಂಕ. ಅರ್ಧ ಅಂಕ ಹೆಬ್ಬೆರಳಿನ ಲೆಕ್ಕಕ್ಕೆ ಕಳೆದದ್ದು. ಹಗ್ಗದ ಕುಣಿಕೆಯ ಬಳಿ ಈ ವರ್ಷ ಎಳೆಗಳು ಬಿಚ್ಚಿಕೊಳ್ಳತೊಡಗಿದವು, ಹಾಗಾಗಿ ಅದಕ್ಕೆ ನಿವೃತ್ತಿ ಕೊಟ್ಟು ಹೊಸದನ್ನು ತರಿಸಿದ್ದೇನೆ. ಹಳೆಯದು ಈಗ ಭಾವನ ಮನೆಯ ಹಿತ್ತಲಿನ ಮಾವಿನ ಮರದಲ್ಲಿ ಮಕ್ಕಳ ಜೋಕಾಲಿಯಾಗಿದೆ. ಸ್ವಲ್ಪ ಹಿಗ್ಗುವ ಗುಣ ಇನ್ನೂ ಉಳಿದಿರುವುದರಿಂದ ಬೇರೆ ಜೋಕಾಲಿಗಿಂತ ಇದೇ ಚೆನ್ನ ಎಂಬುದು ಅವರ ವಿಮರ್ಶೆ.