‘ರಾಜಕೀಯ ಮಾತನಾಡಬಾರದು’ ಎಂಬ ಫಲಕದ ಕೆಳಗಿನ ಮೇಜು

ಸಾಗರದ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಈ ಹೋಟೆಲಿನ ಹೆಸರನ್ನು ಬರೆಯಬೇಡಿ ಎಂದು ಯಜಮಾನರೇ ಹೇಳಿರುವುದರಿಂದ ಬರೆಯುತ್ತಿಲ್ಲ. ಒಳಗೆ ಕಾಲಿಟ್ಟೊಡನೆ ಎದುರು ಗೋಡೆಯಲ್ಲಿ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ತಗಡಿನ ಫಲಕ ಕಂಡರೆ ಅದೇ ಹೋಟೆಲು. ಕೊನೆಯ ‘ಬಾರದು’ ಎಂಬ ಭಾಗ ಒಲೆಯ ಹೊಗೆಗೆ ಮಸುಕಾಗಿದ್ದು, ಗಿರಾಕಿಗಳು ಉಳಿದಷ್ಟನ್ನೇ ಓದಿಕೊಂಡು ಕೂರುತ್ತಾರೆ.

ಮೊದಲು ತಿಂಡಿಯ ವಿಷಯ. ಬನ್ಸ್ ಇಲ್ಲಿ ಬಾಳೆಹಣ್ಣಿನ ವಾಸನೆಯಿಂದಲೇ ಗುರುತು ಸಿಗುವಂಥದ್ದು. ಮುರಿದರೆ ಒಳಗೆ ಜೇನುಗೂಡಿನಂತೆ ಕಣ್ಣುಗಳಿರುತ್ತವೆ, ಬೆರಳಿಗೆ ಎಣ್ಣೆ ಅಂಟುವುದಿಲ್ಲ. ನೀರುದೋಸೆ ಸಾಧಾರಣ. ಕಾಫಿಗೆ ಹಾಲು ನೀರಾಗಿಲ್ಲ, ಲೋಟ ಕಂಠದವರೆಗೆ ತುಂಬಿರುತ್ತದೆ.

ನಾನು ಹೋದದ್ದು ಜಡಿಮಳೆಯ ಒಂದು ಸಂಜೆ. ಫಲಕದ ಕೆಳಗಿನ ಮೇಜಿನಲ್ಲಿ ಅಡಿಕೆ ಧಾರಣೆಯಿಂದ ಹೊರಟ ಮಾತು ಹತ್ತೇ ನಿಮಿಷದಲ್ಲಿ ಭೂಮಿಯ ಹಕ್ಕಿಗೆ ಬಂದಿತ್ತು. ‘ದೇವರಾಜ ಅರಸು ಒಂದು ಸಹಿ ಹಾಕಿದರು, ಗೇಣಿದಾರರಿಗೆಲ್ಲ ಭೂಮಿ ಬಂತು, ಅಷ್ಟೆ’ ಎಂದು ಒಬ್ಬ ಯುವಕ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟ. ಪಕ್ಕದಲ್ಲಿದ್ದ ಹಿರಿಯರು ಬನ್ಸ್ ತಟ್ಟೆಯನ್ನು ಆಚೆ ಸರಿಸಿ, ‘ತಮ್ಮಾ, ಅದಕ್ಕೆ ಇಪ್ಪತ್ತು ವರ್ಷ ಮೊದಲೇ ನಮ್ಮ ಅಪ್ಪಯ್ಯನಂಥವರು ಜೈಲಿಗೆ ಹೋಗಿ ಬಂದಿದ್ದರು’ ಎಂದರು. ಅವರು ಹೇಳಿದ್ದು ಕಾಗೋಡು ಸತ್ಯಾಗ್ರಹದ ಮಾತು. ಇದೇ ಸಾಗರದ ಪಕ್ಕದ ಹಳ್ಳಿಯಲ್ಲಿ 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ದೀವರ ಸಮುದಾಯದ ಗೇಣಿದಾರರು ನಡೆಸಿದ ಆ ಹೋರಾಟಕ್ಕೆ ಕಾರಣಗಳಲ್ಲಿ ಒಂದು, ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಒಡೆಯರ ಕೊಳಗ ದೊಡ್ಡದಾದಷ್ಟೂ ಒಕ್ಕಲಿನ ಕಣಜ ಬರಿದಾಗುತ್ತಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಮರುವರ್ಷ ಅದೇ ಪಂಥದ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದದ್ದು, ಎಲ್ಲವನ್ನೂ ಹಿರಿಯರು ಮನೆಯ ಮದುವೆಯ ಸಂಗತಿ ಹೇಳುವಂತೆ ಹೇಳಿದರು.

ಗಲ್ಲಾದ ಮೇಲಿನ ಗೂಡಿನಲ್ಲಿ ಮರದ ಹಳೆಯ ಕೊಳಗವೊಂದಿದೆ. ಅಂಚು ಸವೆದಿದೆ, ಒಳಗೆ ರಬ್ಬರ್ ಬ್ಯಾಂಡುಗಳಿವೆ. ಯುವಕ ಅದನ್ನು ತೋರಿಸಿ ‘ಇದೇನಾ ಅದು?’ ಎಂದು ಕೇಳಿದಾಗ ಯಜಮಾನರು, ‘ಗೇಣಿ ಅಳೆದದ್ದೋ, ಮನೆಯ ಅಕ್ಕಿ ಅಳೆದದ್ದೋ, ನನಗೆ ಗೊತ್ತಿಲ್ಲ ಮಾರಾಯ್ರೆ’ ಎಂದು ಚಿಲ್ಲರೆ ಎಣಿಸತೊಡಗಿದರು. ಬೇರೆ ಯಾರಾದರೂ ಆಗಿದ್ದರೆ ಅದಕ್ಕೊಂದು ಕಥೆ ಕಟ್ಟಿ, ಪ್ರವಾಸಿಗರಿಗೆ ತೋರಿಸುತ್ತಿದ್ದರು.

ಅಷ್ಟರಲ್ಲಿ ಮೂಲೆಯ ಮೇಜಿನವರೊಬ್ಬರು, ತಮ್ಮ ಅಜ್ಜಿ ವಿಧವೆಯಾಗಿದ್ದರು, ಇದ್ದದ್ದು ಎರಡೇ ಎಕರೆ, ಗೇಣಿಗೆ ಕೊಡದೆ ಅವರೇ ನೇಗಿಲು ಹಿಡಿಯಬೇಕಿತ್ತೇ ಎಂದು ಕೇಳಿದರು. ಮೇಜು ಸುಮ್ಮನಾಯಿತು. ಅರಸು ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯು ಸೈನಿಕರಂಥ ಕೆಲವರನ್ನು ಬಿಟ್ಟರೆ, ಒಡೆಯರು ದೊಡ್ಡವರೋ ಚಿಕ್ಕವರೋ ಎಂದು ನೋಡದೆ ಗೇಣಿ ಭೂಮಿಯನ್ನೆಲ್ಲ ಸರ್ಕಾರದ ವಶಕ್ಕೆ ತಂದು ಉಳುವವನಿಗೆ ಕೊಡುವ ದಾರಿ ಮಾಡಿತು. ಆ ಕಾನೂನು ನ್ಯಾಯವಾದದ್ದೆಂದೇ ನಾನು ನಂಬುತ್ತೇನೆ, ಆದರೂ ಆ ಅಜ್ಜಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಿರಿಯರೂ ಉತ್ತರಿಸದೆ, ಅವರಿಗೊಂದು ಕಾಫಿ ಹೇಳಿದರು.

ಮಾತು ಶರಾವತಿಗೆ ಹೊರಳಿದಾಗ ಮಾತ್ರ ಎಲ್ಲ ಪಕ್ಷದವರೂ ಒಂದಾದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಊರು ಮುಳುಗಿದವರನ್ನು ಕಾಡಿನಂಚಿಗೆ ತಂದು ಬಿಟ್ಟಿದ್ದು, ಅವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯು ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು 75 ವರ್ಷ, ಅಂದರೆ ಮೂರು ತಲೆಮಾರು, ಕಾಡಿನಲ್ಲಿದ್ದುದಕ್ಕೆ ಆಧಾರ ಕೇಳುತ್ತದೆ. ಸರ್ಕಾರವೇ ಅರವತ್ತರ ದಶಕದಲ್ಲಿ ತಂದು ಕೂರಿಸಿದವರು 1930ರ ದಾಖಲೆಯನ್ನು ಎಲ್ಲಿಂದ ತರಬೇಕು? ‘ಅದು ನೀರಿನಡಿ ಇದೆ’ ಎಂದು ಯಾರೋ ಅಂದರು, ಯಾರೂ ನಗಲಿಲ್ಲ.

ಕೊರತೆಗಳೂ ಇವೆ. ಬಡಿಸುವ ಹುಡುಗ ಮಾತು ಕೇಳುತ್ತಾ ನಿಂತುಬಿಡುವುದರಿಂದ ಎರಡನೆಯ ಕಾಫಿಗೆ ಕಾಲು ಗಂಟೆ ಕಾಯಬೇಕು. ಕೈ ತೊಳೆಯುವ ಜಾಗದ ನಲ್ಲಿ ಸೋರುತ್ತದೆ. ಮೇಜಿಗೆ ಬರುವ ಹೆಂಗಸರು ತೀರ ಕಡಿಮೆ. ಹಕ್ಕಿನ ಮಾತೆಲ್ಲ ಗಂಡಸರ ಬಾಯಲ್ಲೇ ಮುಗಿಯುತ್ತದೆ, ಅಜ್ಜಿಯ ಪ್ರಶ್ನೆಯೂ ಮೊಮ್ಮಗನ ಬಾಯಿಂದಲೇ ಬರಬೇಕಾಯಿತು. ಸಂಜೆ ನಾಲ್ಕಕ್ಕೆ ಬರುವ ಬನ್ಸ್ ಐದೂವರೆಗೆ ಮುಗಿದಿರುತ್ತದೆ. ಮಳೆಗಾಲದಲ್ಲಿ ಬಾಗಿಲ ಬಳಿ ಒರಗಿಸಿದ ಛತ್ರಿಯನ್ನು ಹೊರಡುವಾಗ ನೋಡಿ ತೆಗೆದುಕೊಳ್ಳಿ, ನನ್ನದು ಅಂದು ಬದಲಾಯಿತು.