ಇಟಲಿಯ ಮಿಲಾನ್‌ ನಗರದ ಎರಡು ಫುಟ್‌ಬಾಲ್ ಕ್ಲಬ್‌ಗಳಲ್ಲಿ ಯಾವುದಕ್ಕೆ ಹಣ ಹಾಕಬೇಕು?

ಎಸಿ ಮಿಲಾನ್ ಅಥವಾ ಇಂಟರ್, ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ಮೊದಲು ನಿಮ್ಮ ಹಣ ಎಲ್ಲಿಂದ ಬರುತ್ತದೆ ಎಂದು ನೋಡಿಕೊಳ್ಳಿ.

ಇದನ್ನು ಸುಮ್ನೆ ಹೇಳುತ್ತಿಲ್ಲ. 2018ರಲ್ಲಿ ಎಸಿ ಮಿಲಾನ್‌ನ ಚೀನಾ ಮೂಲದ ಮಾಲೀಕರು ಸಾಲ ತೀರಿಸಲಾಗದೆ, ಕ್ಲಬ್ ಸಾಲ ಕೊಟ್ಟ ಎಲಿಯಟ್ ಎಂಬ ಹೂಡಿಕೆ ಸಂಸ್ಥೆಯ ಪಾಲಾಯಿತು. 2024ರ ಮೇನಲ್ಲಿ ಇಂಟರ್‌ಗೂ ಅದೇ ಗತಿ. ಸುಮಾರು 39.5 ಕೋಟಿ ಯೂರೋ ಬಾಕಿ ಉಳಿದು, ಕ್ಲಬ್ ಸಾಲ ಕೊಟ್ಟಿದ್ದ ಓಕ್‌ಟ್ರೀ ಸಂಸ್ಥೆಯ ಕೈಸೇರಿತು. ಸಾಲದ ಹಣವಾದರೆ ಎರಡರಿಂದಲೂ ದೂರವಿರಿ.

ಬೆಲೆಯಲ್ಲಿ ಮಿಲಾನ್ ಹಗುರವಲ್ಲ. 2022ರಲ್ಲೇ ರೆಡ್‌ಬರ್ಡ್ ಎಂಬ ಹೂಡಿಕೆ ಸಂಸ್ಥೆ ಅದನ್ನು 120 ಕೋಟಿ ಯೂರೋಗೆ ಕೊಂಡಿತ್ತು. ಆದರೆ ಏಳು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್, ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ) ಗೆದ್ದ ಹೆಸರು ಅದು. ಇಂಟರ್ ಗೆದ್ದಿರುವುದು ಮೂರು. ತಂಡ ಸೋತ ವರ್ಷವೂ ಆ ಹೆಸರಿಗೆ ಜಾಹೀರಾತುದಾರರು ಸಿಗುತ್ತಾರೆ.

ಆಟದಲ್ಲಿ ಇಂಟರ್ ಮುಂದಿದೆ. 2023 ಮತ್ತು 2025ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿತು. ಅದೇ 2025ರಲ್ಲಿ ಮಿಲಾನ್ ಇಟಲಿಯ ಲೀಗ್‌ನಲ್ಲಿ ಎಂಟನೇ ಸ್ಥಾನಕ್ಕೆ ಇಳಿದು, ಮುಂದಿನ ಸೀಸನ್‌ನ ಯುರೋಪ್ ಟೂರ್ನಿಗಳ ಆದಾಯವನ್ನೇ ಕಳೆದುಕೊಂಡಿತು. ಆದರೆ 2025ರ ಬಾರ್ಸಿಲೋನಾ ವಿರುದ್ಧದ ಸೆಮಿಫೈನಲ್‌ನಲ್ಲಿ 93ನೇ ನಿಮಿಷಕ್ಕೆ ಗೋಲು ಹೊಡೆದು ಇಂಟರ್ ಅನ್ನು ಉಳಿಸಿದ ಡಿಫೆಂಡರ್ ಅಚೆರ್ಬಿಗೆ ಆಗ 37 ವರ್ಷ! ನೋಡಿ ಮೈ ಜುಮ್ ಎಂದಿತು ನಿಜ. ಆದರೆ ಅಷ್ಟು ವಯಸ್ಸಾದ ಆಟಗಾರನನ್ನು ಮಾರಿ ಲಾಭ ಮಾಡೋಕೆ ಆಗಲ್ಲ, ಅಲ್ವಾ?

ಸ್ಯಾನ್ ಸಿರೋ ಇಬ್ಬರದೂ ಒಂದೇ ಮೈದಾನ, ಅಲ್ಲಿ ವ್ಯತ್ಯಾಸವಿಲ್ಲ.

ಹತ್ತು ವರ್ಷ ಕಾಯುವ ತಾಳ್ಮೆಯಿದ್ದರೆ ಮಿಲಾನ್. ಬೇಗ ಆದಾಯ ಬೇಕು, ತಂಡಕ್ಕೆ ಹೊಸ ರಕ್ತ ತುಂಬಲು ಕೈಯಲ್ಲಿ ಜಾಸ್ತಿ ಹಣವೂ ಇದೆ ಎಂದರೆ ಇಂಟರ್.